ಕಂಬವೋ ಶಿಲುಬೆಯೋ

ಕಾರವಾರ, ಅಂಕೋಲೆಯ ಕೊಂಕಣಿ ಕ್ರೈಸ್ತರ ಮನೆಮಾತಿನಲ್ಲಿ ಅದು ಖುರಿಸ್. ಪೋರ್ಚುಗೀಸರ ‘ಕ್ರೂಜ್’ ಗೋವೆಯಲ್ಲಿ ಹೀಗೆ ರೂಪ ಬದಲಿಸಿಕೊಂಡು ಕಾಳಿ ನದಿ ದಾಟಿತು. ಕನ್ನಡ ಬೈಬಲ್ಲಿನಲ್ಲಿ ಅದೇ ಶಿಲುಬೆ. ಆ ಮಾತಿನ ಬೇರು ಸಿರಿಯಾಕ್ ಭಾಷೆಯಲ್ಲಿದೆ. ಯೆಹೋವನ ಸಾಕ್ಷಿಗಳು ಇವೆರಡನ್ನೂ ಬಿಟ್ಟು ‘ಕಂಬ’ ಎನ್ನುತ್ತಾರೆ. ಮೂರೂ ಹೊಸ ಒಡಂಬಡಿಕೆಯ ಒಂದೇ ಗ್ರೀಕ್ ಪದ ‘ಸ್ಟೌರೋಸ್’ಗೆ ಸಂದ ಹೆಸರುಗಳು. ಯೇಸುವನ್ನು ಜಡಿದದ್ದು ಅಡ್ಡಮರವಿಲ್ಲದ ನೆಟ್ಟ ಕಂಬಕ್ಕೆ, ಶಿಲುಬೆಯ ಆಕಾರ ಆಮೇಲೆ ಅನ್ಯಮತಗಳಿಂದ ನುಸುಳಿತು ಎಂಬುದು ಸಾಕ್ಷಿಗಳ ವಾದ. ಅವರ ಮುಖಂಡ ರದರ್‌ಫರ್ಡ್ 1936ರಲ್ಲಿ ಶಿಲುಬೆಯನ್ನು ನಿರಾಕರಿಸಿ ಬರೆದರು. ಈ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ನಕ್ಕು ತಳ್ಳಿಹಾಕುವ ಮಾತೂ ಇದಲ್ಲ.

ಅವರ ಬಲವಾದ ಆಧಾರ ಪದದ ಮೂಲಾರ್ಥ. ಹೋಮರನ ಕಾಲಕ್ಕೆ ಸ್ಟೌರೋಸ್ ಎಂದರೆ ಬೇಲಿಗೆ ನೆಡುವ ಗೂಟ, ಕಂಬ, ಅದು ನಿಜ. ಆದರೆ ಮೂಲಾರ್ಥ ಪದವನ್ನು ಕಟ್ಟಿಹಾಕುವುದಿಲ್ಲ. ಎಳ್ಳಿನ ನೆಯ್ಯೇ ‘ಎಣ್ಣೆ’ ಆದದ್ದು. ಹಾಗೆಂದು ಕಾರವಾರದ ಅಡುಗೆಮನೆಯ ಕೊಬ್ಬರಿ ಎಣ್ಣೆಯಲ್ಲಿ ಎಳ್ಳು ಹುಡುಕುವವರುಂಟೇ? ಹೋಮರನಿಗೂ ಸುವಾರ್ತೆಗಳಿಗೂ ನಡುವೆ ಏಳೆಂಟು ಶತಮಾನ ಕಳೆದಿತ್ತು. ರೋಮನ್ನರ ಕಾಲದಲ್ಲಿ ಆ ಪದ ಕೇಳಿದವರ ಕಣ್ಣಮುಂದೆ ಏನು ಬರುತ್ತಿತ್ತು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಅದಕ್ಕೆ ಉತ್ತರ ಕಾರವಾರದ ಬೈತಖೋಲ ಧಕ್ಕೆಯವರಿಗೆ ಸುಲಭವಾಗಿ ಹಿಡಿಯುತ್ತದೆ. ಎರಡನೆಯ ಶತಮಾನದ ಅರ್ಟೆಮಿಡೋರಸ್ ಕನಸುಗಳ ಫಲ ಹೇಳುತ್ತಿದ್ದವನು, ಕ್ರೈಸ್ತನಲ್ಲ. ಕಡಲಿಗಿಳಿಯುವವರು ತಮ್ಮನ್ನು ಸ್ಟೌರೋಸಿಗೆ ಜಡಿದಂತೆ ಕನಸು ಕಂಡರೆ ಶುಭ ಎನ್ನುತ್ತಾನೆ. ಹಡಗಿನಂತೆ ಅದೂ ಮರ, ಮೊಳೆಗಳಿಂದ ಆದದ್ದು, ಹಡಗಿನ ಕೂವೆಕಂಬವೂ ಅದನ್ನೇ ಹೋಲುತ್ತದೆ ಎಂಬುದು ಅವನ ಕಾರಣ. ಒಂಟಿ ಕಂಬವಾದರೆ ಮೊಳೆ ಹೊಡೆದು ಜೋಡಿಸುವುದಕ್ಕೆ ಏನಿದೆ? ಹೆಸರಿನಲ್ಲೇ ಕಂಬವಿದ್ದರೂ ಕೂವೆಕಂಬಕ್ಕೆ ಹಾಯಿ ಕಟ್ಟುವ ಅಡ್ಡಮರ ಬೇಕು. ಹಾಯಿಯ ಮಚವೆ ಕಂಡ ಕರಾವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಶತಮಾನದ ವ್ಯಂಗ್ಯಕಾರ ಲೂಸಿಯನ್, ದೊರೆಗಳು ‘ಟೌ’ ಅಕ್ಷರವನ್ನು ನೋಡಿಯೇ ಜನರನ್ನು ಜಡಿಯುವ ಮರ ಮಾಡಿದರೆಂದು ಬರೆದ. ನೆಟ್ಟ ಗೆರೆಯ ನೆತ್ತಿಗೆ ಅಡ್ಡಗೆರೆ ಎಳೆದರೆ ಟೌ. ಕ್ರೈಸ್ತರ ಬಾರ್ನಬನ ಪತ್ರವೂ ಅದೇ ಅಕ್ಷರದಲ್ಲಿ ಶಿಲುಬೆಯನ್ನು ಕಂಡಿತು. ಇವೆಲ್ಲ ನಾಲ್ಕನೆಯ ಶತಮಾನದ ಕಾನ್‌ಸ್ಟಂಟೈನ್ ದೊರೆಗಿಂತ ಹಿಂದಿನವು. ಆಕಾರವನ್ನು ಅವನು ಹೊರಗಿನಿಂದ ತಂದು ಸೇರಿಸಿದ ಎನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಮರಣದಂಡನೆಯ ಮರಗಳು ಒಂದೇ ಬಗೆಯವಲ್ಲ ಎಂದು ರೋಮಿನ ತತ್ತ್ವಜ್ಞಾನಿ ಸೆನೆಕಾ ಬರೆದದ್ದನ್ನು ಎದುರಿಗಿಡಬಹುದು. ಒಪ್ಪೋಣ, ಬರೀ ಕಂಬಕ್ಕೆ ಜಡಿದದ್ದೂ ಇರಬಹುದು. ಆದರೆ ಯೇಸುವಿನ ವಿಷಯದಲ್ಲಿ ಯೋಹಾನನ ಸುವಾರ್ತೆ (20:25) ಕೈಗಳಲ್ಲಿನ ‘ಮೊಳೆಗಳ’ ಗುರುತು ಎಂದು ಬಹುವಚನದಲ್ಲಿ ಹೇಳುತ್ತದೆ. ತಲೆಯ ಮೇಲೆ ಎರಡೂ ಕೈ ಕೂಡಿಸಿ ಒಂದೇ ಮೊಳೆ ಹೊಡೆದಂತೆ ತೋರಿಸುವ ಚಿತ್ರಕ್ಕೆ ಇದು ಹೊಂದುವುದಿಲ್ಲ. ಒಂಟಿ ಕಂಬದ ಪ್ರಸಿದ್ಧ ಚಿತ್ರ 16ನೆಯ ಶತಮಾನದ ವಿದ್ವಾಂಸ ಲಿಪ್ಸಿಯಸ್‌ನ ಪುಸ್ತಕದ್ದು. ಸಾಕ್ಷಿಗಳು ತಮ್ಮ ಬೈಬಲ್ ಅನುವಾದದ ಅನುಬಂಧದಲ್ಲಿ ಅದನ್ನು ಅಚ್ಚುಹಾಕಿದ್ದರು. ಆ ಲಿಪ್ಸಿಯಸ್‌ನೇ ಯೇಸುವಿನ ಮರಕ್ಕೆ ಅಡ್ಡತೊಲೆ ಇತ್ತೆಂದು ತೀರ್ಮಾನಿಸಿದ್ದ. ಚಿತ್ರ ಇಟ್ಟುಕೊಂಡು ತೀರ್ಮಾನ ಬಿಟ್ಟದ್ದು ನನಗೆ ಸರಿಕಾಣುವುದಿಲ್ಲ.

ಅಡ್ಡತೊಲೆ ನೆಟ್ಟ ಮರದ ತುದಿಯಲ್ಲೇ ಕೂತಿತ್ತೋ, ಅದರ ಮೇಲೂ ಮರ ಚಾಚಿತ್ತೋ? ಆರೋಪದ ಹಲಗೆ ತಲೆಯ ಮೇಲಿತ್ತೆಂಬ ಮತ್ತಾಯನ ಮಾತು (27:37) ಎರಡನೆಯದಕ್ಕೆ ಹೆಚ್ಚು ಒಪ್ಪುತ್ತದೆ, ಮೊದಲನೆಯದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. 1968ರಲ್ಲಿ ಜೆರುಸಲೇಮಿನ ಬಳಿ ಮೊಳೆ ನಾಟಿದ ಹಿಮ್ಮಡಿ ಮೂಳೆ ಸಿಕ್ಕಿತು. ಅದು ಬೇರೊಬ್ಬನದು, ಮರದ ಆಕಾರವನ್ನು ಹೇಳುವಂಥದೂ ಅಲ್ಲ. ಹಾಗಾಗಿ ನಮ್ಮ ಇಗರ್ಜಿಗಳ ನೆತ್ತಿಯ ಖುರಿಸಿನಲ್ಲಿ ಅಡ್ಡಮರಕ್ಕೆ ಗಟ್ಟಿ ಆಧಾರವಿದೆ, ಅದರ ಮೇಲೆ ಚಾಚಿದ ಗೇಣುದ್ದದ ಮರಕ್ಕೆ ಅಷ್ಟಿಲ್ಲ.