ಕಡಲು ದಾಟಿ ಬಂದ ನಾದ

ಹೈದರಾಬಾದಿನ ‘ಏ. ಸಿ. ಗಾರ್ಡ್ಸ್’ ಬಡಾವಣೆಯ ಹೆಸರನ್ನು ನಿತ್ಯ ನುಡಿಯುವವರಲ್ಲಿ ಅದರ ಅರ್ಥವನ್ನು ಬಲ್ಲವರು ವಿರಳ. ನಿಜಾಮರ ‘ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್’ ಎಂಬ ಅಶ್ವದಳವು ನೆಲೆಸಿದ್ದ ಸ್ಥಳವದು. ಈ ಸೈನಿಕರು ಸಿದ್ದಿ ಜನಾಂಗದವರು. ಶತಮಾನಗಳ ಕಾಲ ಹಾಯಿಹಡಗುಗಳಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ಬಂದ ಆಫ್ರಿಕನ್ನರಲ್ಲಿ ಅನೇಕರು ಗುಲಾಮರಾಗಿ ಮಾರಲ್ಪಟ್ಟವರು. ಹಾಗೆ ದಖ್ಖನಿಗೆ ಬಂದ ಮಲಿಕ್ ಅಂಬರನು ಅಹಮದ್‌ನಗರ ರಾಜ್ಯದ ಸೂತ್ರಧಾರನಾಗಿ ಮೊಗಲರನ್ನು ದೀರ್ಘಕಾಲ ತಡೆದು 1626ರಲ್ಲಿ ಮಡಿದನು.

1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ತರುವಾಯ ಅಶ್ವದಳವು ವಿಸರ್ಜನೆಗೊಂಡಿತು. ಸೈನಿಕರ ಜೀವನೋಪಾಯವೂ ಹೋಯಿತು. ಅವರ ಸಂತತಿಯವರು ಮದುವೆಯ ಮೆರವಣಿಗೆಗಳಲ್ಲಿ ನುಡಿಸುವ ಮರ್ಫಾ ವಾದ್ಯವು ಮಾತ್ರ ಉಳಿಯಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳಲ್ಲಿ ಡಮಾಮಿ ಮೊಳಗುತ್ತದೆ. ಮರ್ಫಾ ಕೇಳಿದಾಗ ಕನ್ನಡಿಗರು ತಮ್ಮ ನಾಡಿನ ಈ ಬಂಧುಗಳನ್ನೂ ನೆನೆಯಬೇಕು.