ಗುಹೆಯಲ್ಲಿ ಸಿಕ್ಕ ಯೆಶಾಯ

1947. ಮೃತ ಸಮುದ್ರದ ಪಕ್ಕದ ಕುಮ್ರಾನ್. ಬೆದುಯಿನ್ ಕುರಿಗಾಹಿಗಳಿಗೆ ಗುಹೆಯೊಂದರಲ್ಲಿ ಮಣ್ಣಿನ ಜಾಡಿಗಳು ಸಿಕ್ಕವು. ಒಳಗೆ ಚರ್ಮದ ಸುರುಳಿಗಳು!

ಅವುಗಳಲ್ಲೊಂದು ಬೈಬಲಿನ ಯೆಶಾಯನ ಗ್ರಂಥ. ಏಳು ಮೀಟರಿಗೂ ಹೆಚ್ಚು ಉದ್ದ, 66 ಅಧ್ಯಾಯಗಳೂ ಇವೆ. ಕ್ರಿಸ್ತ ಹುಟ್ಟುವುದಕ್ಕೂ ಸುಮಾರು ನೂರು ವರ್ಷ ಮೊದಲು ಬರೆದದ್ದು. ಅಲ್ಲಿಯವರೆಗೆ ಗೊತ್ತಿದ್ದ ಪೂರ್ಣ ಹೀಬ್ರೂ ಪ್ರತಿಗಳಿಗಿಂತ ಹತ್ತಿರ ಹತ್ತಿರ ಸಾವಿರ ವರ್ಷ ಹಳೆಯದು.

ಸುರುಳಿಯನ್ನೂ ಆ ಪ್ರತಿಗಳನ್ನೂ ಹೋಲಿಸಿದರೆ? ಕಾಗುಣಿತದ ವ್ಯತ್ಯಾಸಗಳು ಬೇಕಾದಷ್ಟಿವೆ. ಕೆಲವೆಡೆ ಪದವೇ ಬೇರೆ. 53ನೇ ಅಧ್ಯಾಯದಲ್ಲಿ 'ಬೆಳಕು' ಎಂಬ ಪದ ಸುರುಳಿಯಲ್ಲಿದೆ, ನಂತರದ ಹೀಬ್ರೂ ಪ್ರತಿಗಳಲ್ಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ. ಗ್ರಂಥ ಮಾತ್ರ ಅದೇ. ನಕಲು ಮಾಡಿದ ಆ ಕೈಗಳಿಗೆ ನಮಸ್ಕರಿಸಬೇಕು.

ಆ ಗ್ರಂಥ ದೇವರ ವಾಕ್ಯವೇ ಎಂಬುದನ್ನು ಸುರುಳಿ ಸಾಬೀತು ಮಾಡಲಾರದು. ಅದು ನಂಬಿಕೆಗೆ ಬಿಟ್ಟದ್ದು. ನಜರೇತಿನ ಸಭಾಮಂದಿರದಲ್ಲಿ ಯೇಸು ಬಿಚ್ಚಿ ಓದಿದ್ದೂ ಯೆಶಾಯನ ಸುರುಳಿಯನ್ನೇ ಎನ್ನುತ್ತದೆ ಲೂಕನ ಸುವಾರ್ತೆ.