ನಿಮಗಿದು ಗೊತ್ತೆ? ಬೇಸಿಗೆಯ ಬಡಕಲು ಕರು, ಮಳೆಗಾಲದಲ್ಲಿ ಮುಂದು!

ಕಾಲುವೆ ನೀರು ನಿಂತ ಮೇಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಸೀಮೆಯ ಅನೇಕ ದನಗಳಿಗೆ ಬಣವೆಯ ನೆಲ್ಲುಹುಲ್ಲೇ ಗತಿ. ಅದರಲ್ಲಿ ಪ್ರೋಟೀನು ಶೇ. 3–4ರಷ್ಟೇ. ಹೊಟ್ಟೆ ತುಂಬಿದರೂ ಕರುವಿನ ಪಕ್ಕೆಲುಬು ಎಣಿಸಬಹುದು.

ಅದೇ ಕರುವಿಗೆ ಮುಂಗಾರಿನ ಹಸಿಮೇವು, ಒಂದಿಷ್ಟು ಹಿಂಡಿ ಸಿಕ್ಕರೆ, ಬೇಸಿಗೆಯಲ್ಲೂ ಚೆನ್ನಾಗಿ ತಿಂದ ಓರಗೆಯ ಕರುವಿಗಿಂತ ಬೇಗ ಮೈತುಂಬಿಕೊಳ್ಳುತ್ತದೆ. ಇದು ‘ಸರಿದೂಗಿಸುವ ಬೆಳವಣಿಗೆ’. ಅಮೆರಿಕದ ವಿಜ್ಞಾನಿಗಳಾದ ಆಸ್‌ಬಾರ್ನ್ ಮತ್ತು ಮೆಂಡೆಲ್ 1916ರಷ್ಟು ಹಿಂದೆಯೇ ಇಲಿಗಳಲ್ಲಿ ಇದನ್ನು ವಿವರಿಸಿದ್ದರು. ಮಾಂಸಕ್ಕೆಂದು ದನ ಸಾಕುವ ದೇಶಗಳಲ್ಲಿ ಇದೇ ಲೆಕ್ಕದ ಮೇಲೆ ಚಳಿಗಾಲದ ಮೇವಿಗೆ ಕೈಬಿಗಿ ಹಿಡಿಯುವವರಿದ್ದಾರೆ.

ಗುಟ್ಟಿರುವುದು ಪಿತ್ತಜನಕಾಂಗ, ಕರುಳುಗಳಲ್ಲಿ. ಅರೆಹೊಟ್ಟೆಯಲ್ಲಿ ಅವು ಕುಗ್ಗಿ, ಮೈಯ ದಿನದ ಶಕ್ತಿಯ ಖರ್ಚು ಇಳಿಯುತ್ತದೆ. ಮೇವು ಬಂದ ಮೇಲೂ ಕೆಲವು ವಾರ ಖರ್ಚು ಕಡಿಮೆಯೇ; ಉಳಿದದ್ದು ಮೈಗೆ ಹತ್ತುತ್ತದೆ. ಮೊದಲ ವಾರದ ತೂಕವನ್ನು ಮಾತ್ರ ನಂಬಬೇಡಿ, ಅದರಲ್ಲಿ ಹೊಟ್ಟೆಯೊಳಗಿನ ಮೇವು-ನೀರಿನದೇ ದೊಡ್ಡ ಪಾಲು.

ಆದರೆ ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಹಾಲು ತಪ್ಪಿಸಿದ ಕರು ಹೀಗೆ ಚೇತರಿಸಿಕೊಳ್ಳುವುದು ಕಷ್ಟ. ಹೆಣ್ಗರುವಾದರೆ ಬೆದೆಗೆ ಬರುವುದೂ ತಡ. ಅಲ್ಲಿ ವಯಸ್ಸಿಗಿಂತ ತೂಕದ ಮಾತೇ ಹೆಚ್ಚು.